ಪೋಲೆಂಡ್‌ಗೆ ಹೋಗಿ ಬಂದೆ, ಕಾಲೇಜಿನಲ್ಲಿ ಹತ್ತು ನಿಮಿಷ ಮಾತಾಡು ಅಂತಿದ್ದಾರೆ. ಏನು ಹೇಳಲಿ?

ಬಂಗಾರಪೇಟೆ ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಬೇಡಿ.

ನಾನು ಸೆಕೆಂಡ್ ಪಿಯುಸಿ. ಓದುವುದು ಕೋಲಾರ, ಮನೆ ಬಂಗಾರಪೇಟೆ. ನಾವು ಯಹೂದಿಗಳು. ಇಷ್ಟು ಓದಿದ ತಕ್ಷಣ ಅರ್ಧ ಜನ "ಅಂದ್ರೆ ಕ್ರಿಶ್ಚಿಯನ್ನಾ?" ಅಂತ ಕೇಳುತ್ತೀರಿ, ಒಂದನೇ ಕ್ಲಾಸಿನಿಂದ ಕೇಳಿಸಿಕೊಂಡು ಬಂದಿದ್ದೇನೆ. ಅಲ್ಲ. ತಾತನ ಮನೆತನ ಬೆನೆ ಇಸ್ರೇಲ್, ಅಂದರೆ ಕೊಂಕಣ ತೀರದಲ್ಲಿ ಶತಮಾನಗಳಿಂದ ಇರುವ, ಮರಾಠಿ ಮಾತಾಡುವ ಯಹೂದಿಗಳು. ತಾತ ರೈಲ್ವೆಯಲ್ಲಿದ್ದರು. ವರ್ಗವಾಗಿ ಬಂಗಾರಪೇಟೆಗೆ ಬಂದವರು ರಿಟೈರ್ ಆದ ಮೇಲೂ ಇಲ್ಲೇ ಉಳಿದರು. ಹಾಗಾಗಿ ಮನೆಯಲ್ಲಿ ಮರಾಠಿ, ಬೀದಿಯಲ್ಲಿ ತೆಲುಗು ತಮಿಳು, ಕ್ಲಾಸಿನಲ್ಲಿ ಕನ್ನಡ. ಶುಕ್ರವಾರ ಸಂಜೆ ಅಮ್ಮ ದೀಪ ಹಚ್ಚುತ್ತಾರೆ. ಪಕ್ಕದ ಮನೆ ಆಂಟಿಯೂ ಶುಕ್ರವಾರ ಲಕ್ಷ್ಮಿಗೆ ದೀಪ ಹಚ್ಚುತ್ತಾರೆ. ಇಷ್ಟು ವರ್ಷದಲ್ಲಿ ಬೀದಿಯಲ್ಲಿ ಯಾರಿಗೂ ವಿಚಿತ್ರ ಅನಿಸಿಲ್ಲ.

ವಿಷಯ ಏನಂದ್ರೆ, ಈ ಸಲ ರಜೆಯಲ್ಲಿ ಯಹೂದಿ ಹುಡುಗ ಹುಡುಗಿಯರಿಗೆ ಅಂತ ನಡೆಸುವ ಒಂದು ಲೀಡರ್‌ಶಿಪ್ ಪ್ರವಾಸಕ್ಕೆ ಆಯ್ಕೆಯಾಗಿ 12 ದಿನ ಪೋಲೆಂಡ್‌ಗೆ ಹೋಗಿ ಬಂದೆ. ನಲವತ್ತು ಜನ. ಅಮೆರಿಕ, ಅರ್ಜೆಂಟೀನಾ, ಹಂಗೇರಿ, ಟರ್ಕಿ, ಎಲ್ಲ ಕಡೆಯವರೂ ಇದ್ದರು. ಇಂಡಿಯಾದಿಂದ ಇಬ್ಬರೇ, ನಾನು ಮತ್ತೆ ಮುಂಬೈ ಪಕ್ಕದ ಠಾಣೆ ಊರಿನ ಒಬ್ಬಳು ಹುಡುಗಿ. ಈಗ ಪ್ರಿನ್ಸಿಪಾಲ್ ಸರ್ ಕರೆದು, ಮುಂದಿನ ತಿಂಗಳು ಫ್ರೆಷರ್ಸ್ ಕಾರ್ಯಕ್ರಮದಲ್ಲಿ "ವಿದೇಶ ಪ್ರವಾಸದಿಂದ ನಾನು ಕಲಿತ ನಾಯಕತ್ವ ಗುಣಗಳು" ಅಂತ ಹತ್ತು ನಿಮಿಷ ಮಾತಾಡು ಅಂದಿದ್ದಾರೆ. ನಾಲ್ಕು ಸಲ ಬರೆದೆ. ನಾಲ್ಕೂ ಸಲ ಹರಿದು ಹಾಕಿದೆ. ಓದಿದರೆ ವಾಟ್ಸಾಪ್‌ನಲ್ಲಿ ಬೆಳಗ್ಗೆ ಬರುವ ಗುಡ್ ಮಾರ್ನಿಂಗ್ ಮೆಸೇಜ್ ಥರ ಇತ್ತು.

ಯಾಕೆ ಬರೆಯಕ್ಕೆ ಆಗ್ತಿಲ್ಲ ಅಂತ ಹೇಳ್ತೀನಿ.

ಮೊದಲ ದಿನ ಪರಿಚಯ. ನಾನು ಇಂಡಿಯಾ ಅಂದ ಕೂಡಲೇ ಒಬ್ಬ "ಹೌದಾ, ನಿಮ್ಮಮ್ಮ ಯಹೂದಿನಾ, ಅಪ್ಪಾನಾ?" ಅಂದ. ಇಬ್ಬರೂ ಅಂದೆ. "ಮತ್ತೆ ಯಾವಾಗ ಮತಾಂತರ ಆದ್ರಿ?" ಸಿಟ್ಟು ಬಂತು. ಇಲ್ಲಿ ಕ್ರಿಶ್ಚಿಯನ್ನಾ ಅಂತಾರೆ, ಅಲ್ಲಿ ನಿಜವಾದ ಯಹೂದಿನಾ ಅಂತಾರೆ. ನಮ್ಮ ಮನೆಯಲ್ಲಿ ಹೇಳುವ ಕಥೆ ಹೇಳಿದೆ. ಹಡಗು ಒಡೆದು ಏಳು ಗಂಡ ಹೆಂಡತಿ ಜೋಡಿ ಅಲಿಬಾಗ್ ಹತ್ತಿರದ ನವಗಾಂವ್ ದಡ ಸೇರಿದ್ದು, ಗಾಣದಲ್ಲಿ ಎಣ್ಣೆ ತೆಗೆಯುತ್ತಾ ಬದುಕಿದ್ದು, ಶನಿವಾರ ಯಹೂದಿಗಳು ಕೆಲಸ ಮಾಡಬಾರದು ಅಂತ ಗಾಣ ಮುಟ್ಟದೆ ಇರುತ್ತಿದ್ದರಿಂದ ಊರವರು "ಶನಿವಾರ ತೇಲಿ" ಅಂತ ಕರೆದದ್ದು. ಅಂದರೆ ಶನಿವಾರ ರಜೆ ಮಾಡುವ ಗಾಣಿಗರು. ಮಲಿದಾ ಬಗ್ಗೆ ಹೇಳಿದೆ. ಪ್ರವಾದಿ ಎಲಿಯಾಹು ಹೆಸರಲ್ಲಿ ನಾವು ತಟ್ಟೆಯಲ್ಲಿ ಅವಲಕ್ಕಿ, ಬೆಲ್ಲ, ತೆಂಗಿನಕಾಯಿ, ಹಣ್ಣು ಇಟ್ಟು ಪ್ರಾರ್ಥನೆ ಮಾಡುತ್ತೇವೆ. ಅರ್ಜೆಂಟೀನಾ ಹುಡುಗ ಅವಲಕ್ಕಿ ಅಂದರೆ ಕಾರ್ನ್‌ಫ್ಲೇಕ್ಸಾ ಅಂದ. ಹೌದು ಕಣೋ ಅಂತ ಬಿಟ್ಟೆ.

ಕ್ರಾಕೋವ್ ಊರಲ್ಲಿ ಕಾಜಿಮಿಯೆಷ್ ಅಂತ ಹಳೇ ಯಹೂದಿ ಬಡಾವಣೆ ಇದೆ. ಅಲ್ಲಿ ರೆಮು ಅಂತ ಹದಿನಾರನೇ ಶತಮಾನದ ಸಿನಗಾಗ್, ಅಂದರೆ ನಮ್ಮ ಪ್ರಾರ್ಥನಾ ಮಂದಿರ, ಅದರ ಹಿಂದೆ ಅಷ್ಟೇ ಹಳೇ ಸ್ಮಶಾನ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕೆಲವು ಪ್ರಾರ್ಥನೆಗೆ 13 ವರ್ಷ ದಾಟಿದ ಹತ್ತು ಗಂಡಸರು ಇರಲೇಬೇಕು, ಅದಕ್ಕೆ ಮಿನ್ಯಾನ್ ಅಂತಾರೆ. ತೀರಿಹೋದವರಿಗೆ ಹೇಳುವ ಕದ್ದಿಶ್‌ಗೂ ಹತ್ತು ಜನ ಬೇಕು. ಮೂರು ವರ್ಷದ ಹಿಂದೆ ತಾತ ಹೋದಾಗ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ನಮ್ಮ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಅವತ್ತು ಸೇರಿದ್ದು ಎಂಟೇ ಗಂಡಸರು. ಪುಣೆಯಿಂದ ಬರಬೇಕಿದ್ದ ಇಬ್ಬರ ರೈಲು ಆರು ಗಂಟೆ ಲೇಟು. ಜೀವಮಾನ ಪೂರ್ತಿ ರೈಲ್ವೆಗೆ ದುಡಿದ ಮನುಷ್ಯನಿಗೆ ರೈಲೇ ಕೈಕೊಟ್ಟಿತು ಅಂತ ಅಪ್ಪ ಈಗಲೂ ಹೇಳುತ್ತಾರೆ. ಅವತ್ತು ಕದ್ದಿಶ್ ಆಗಲಿಲ್ಲ.

ಕ್ರಾಕೋವ್‌ನಲ್ಲಿ ಒಂದು ಬೆಳಗ್ಗೆ ನಮ್ಮ ಗುಂಪಿನ ಲೀಡರ್ ಅಣ್ಣನ ಜೊತೆ ಬೇಗ ಎದ್ದು ಆ ಸಿನಗಾಗ್‌ಗೆ ಹೋದೆ. ಉಳಿದವರೆಲ್ಲ ಮಲಗಿದ್ದರು, ಚಳಿ ಬೇರೆ. ಒಳಗೆ ಎಂಟು ಜನ ಸುಮ್ನೆ ಕೂತಿದ್ದರು. ನಮ್ಮನ್ನು ನೋಡಿ ಒಬ್ಬ ಮುದುಕರು ಬೆರಳು ತೋರಿಸಿ ಹೀಬ್ರೂನಲ್ಲಿ ಒಂಬತ್ತು, ಹತ್ತು ಅಂದರು. ಎದ್ದು ಶುರು ಮಾಡಿದರು. ಅಷ್ಟೇ. ಯಾವ ದೇಶ, ಯಾವಾಗ ಆದ್ರಿ, ಏನೂ ಕೇಳಲಿಲ್ಲ. ಕದ್ದಿಶ್ ಬಂದಾಗ ನಾನು ತಾತನಿಗೆ ಹೇಳಿದೆ. ಗಂಟಲು ಕಟ್ಟಿ ಅರ್ಧ ತಪ್ಪಿತು.

ಬಸ್ಸಿನಲ್ಲಿ ಇದನ್ನು ಹೇಳಿದ್ದಕ್ಕೆ ಠಾಣೆಯ ಹುಡುಗಿ "ನಾನು ಬಂದಿದ್ರೆ ಎಣಿಸ್ತಿರಲಿಲ್ಲ ಅಲ್ವಾ?" ಅಂದಳು. ಅಮೆರಿಕದ ಹುಡುಗಿಯರು ನಮ್ಮ ಸಿನಗಾಗ್‌ನಲ್ಲಿ ಹೆಂಗಸರನ್ನೂ ಎಣಿಸ್ತಾರೆ ಅಂದರು. ಊಟದ ತನಕ ಜಗಳ. ನನಗೆ ಏನು ಹೇಳಬೇಕೋ ತೋಚಲಿಲ್ಲ, ಅವಳ ಮುಖ ನೋಡಿದರೆ ನನ್ನ ಖುಷಿ ಅರ್ಧ ಇಳಿದುಹೋಗಿತ್ತು.

ಮಾರನೇ ದಿನ ಆಶ್ವಿಟ್ಸ್, ಅದರ ಪಕ್ಕದ ಬಿರ್ಕೆನಾವ್. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ನಾಜಿಗಳು ಹನ್ನೊಂದು ಲಕ್ಷ ಜನರನ್ನು ಕೊಂದ ಜಾಗ, ಅವರಲ್ಲಿ ಸುಮಾರು ಹತ್ತು ಲಕ್ಷ ಯಹೂದಿಗಳು. ನಂಬರು ನನಗೆ ಮೊದಲೇ ಗೊತ್ತಿತ್ತು, ನಂಬರಿನಿಂದ ಏನೂ ಆಗಲಿಲ್ಲ ಅಂದ್ರೆ ತಪ್ಪು ತಿಳ್ಕೋಬೇಡಿ. ನನಗೆ ಆಗಿದ್ದು ಹಳಿ ನೋಡಿ. ಬಿರ್ಕೆನಾವ್ ಒಳಗೇ ರೈಲು ಹಳಿ ಬರುತ್ತೆ, ಬಂದು ಅಲ್ಲೇ ಮುಗಿಯುತ್ತೆ. ನಾನು ಜಂಕ್ಷನ್ ಪಕ್ಕ ಬೆಳೆದವನು. ಬಂಗಾರಪೇಟೆಯಲ್ಲಿ ನಿಂತರೆ ಒಂದು ಹಳಿ ಮಾರಿಕುಪ್ಪಂಗೆ, ಒಂದು ಕೋಲಾರಕ್ಕೆ, ಒಂದು ಚೆನ್ನೈ ಕಡೆ, ಒಂದು ಬೆಂಗಳೂರಿಗೆ. ನನ್ನ ತಲೆಯಲ್ಲಿ ಹಳಿ ಅಂದ್ರೆ ಮುಂದೆ ಹೋಗುವುದು. ಗೈಡ್ ಮೇಡಂ ಇನ್ನೊಂದು ವಿಷಯ ಹೇಳಿದರು. ಜನರನ್ನು ಅಲ್ಲಿಗೆ ತುಂಬಿ ತಂದ ರೈಲುಗಳಿಗೆ ಜರ್ಮನ್ ರೈಲ್ವೆ ಟಿಕೆಟ್ ಲೆಕ್ಕ ಹಾಕಿ ದುಡ್ಡು ವಸೂಲಿ ಮಾಡುತ್ತಿತ್ತಂತೆ. ಥರ್ಡ್ ಕ್ಲಾಸ್ ದರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್, ನಾಲ್ಕರೊಳಗಿನವರಿಗೆ ಫ್ರೀ. 400ಕ್ಕಿಂತ ಜಾಸ್ತಿ ಜನ ಇದ್ದರೆ ರಿಯಾಯಿತಿ. ಜನರಿಗೆ ಹೋಗುವ ಟಿಕೆಟ್ ಮಾತ್ರ, ಕಾವಲಿನವರಿಗೆ ರಿಟರ್ನ್. ತಾತ ನನಗೆ ಅರ್ಧ ಟಿಕೆಟ್ ಕೊಡಿಸಿ ಕಿಟಕಿ ಪಕ್ಕ ಕೂರಿಸುತ್ತಿದ್ದರು. ಯಾವನೋ ಒಬ್ಬ ಗುಮಾಸ್ತ ಕೂತು ಆ ಲೆಕ್ಕ ಬರೆದಿರಬೇಕು ಅಲ್ವಾ, ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿ, ಮತ್ತೆ ಬಂದು ಕೂತು.

ಕೊನೆಗೆ ವಾರ್ಸಾ. ಅಲ್ಲಿ ಒಂದು ಹಾಲಿನ ಕ್ಯಾನ್ ನೋಡಿದೆ. ನಮ್ಮೂರ ಡೈರಿಯಲ್ಲಿ ಇರುತ್ತಲ್ಲ, ಅದೇ ಆಕಾರ, ತುಕ್ಕು ಹಿಡಿದದ್ದು. ಯುದ್ಧದಲ್ಲಿ ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ್ದ ಘೆಟ್ಟೋದಲ್ಲಿ ಇಮ್ಯಾನ್ಯುಯಲ್ ರಿಂಗೆಲ್‌ಬ್ಲೂಮ್ ಅಂತ ಒಬ್ಬ ಇತಿಹಾಸಕಾರ ಸುಮಾರು ಅರವತ್ತು ಜನರನ್ನು ಸೇರಿಸಿಕೊಂಡು ಗುಟ್ಟಾಗಿ ಎಲ್ಲವನ್ನೂ ಬರೆಸಿಟ್ಟರು. ಡೈರಿಗಳು, ಮಕ್ಕಳ ಶಾಲೆಯ ಪ್ರಬಂಧ, ರೇಷನ್ ಕಾರ್ಡು, ಟ್ರಾಮ್ ಟಿಕೆಟ್ಟು, ಚಾಕೊಲೇಟ್ ಸುತ್ತಿದ ಕಾಗದ ಕೂಡ. 1942ರ ಆಗಸ್ಟ್‌ನಲ್ಲಿ ಮೊದಲ ಕಂತನ್ನು ಹತ್ತು ತಗಡಿನ ಪೆಟ್ಟಿಗೆಯಲ್ಲಿ ತುಂಬಿ ಒಂದು ಶಾಲೆಯ ಕೆಳಗೆ ಹೂತರು. ಆಮೇಲೆ ಇನ್ನೊಂದು ಕಂತನ್ನು ಎರಡು ಹಾಲಿನ ಕ್ಯಾನಿನಲ್ಲಿ. ಮೊದಲನೆಯದು ಹೂತವರಲ್ಲಿ ದಾವಿದ್ ಗ್ರಾಬರ್ ಅಂತ ಒಬ್ಬ, 19 ವರ್ಷ. ಹೂಳುವ ಹೊತ್ತಿನಲ್ಲೇ ಒಂದು ಕಾಗದ ಬರೆದು ಒಳಗಿಟ್ಟಿದ್ದಾನೆ. ಜಗತ್ತಿಗೆ ಕೂಗಿ ಹೇಳಲು ಆಗದ್ದನ್ನು ನೆಲದಲ್ಲಿ ಹೂತಿದ್ದೇವೆ ಅನ್ನುವ ಅರ್ಥದ್ದು. ಆ ಅರವತ್ತರಲ್ಲಿ ಯುದ್ಧ ಮುಗಿದಾಗ ಉಳಿದಿದ್ದು ಮೂರು ಜನ. ಅವರಲ್ಲಿ ಒಬ್ಬರು ಜಾಗ ತೋರಿಸಿ, 1946ರಲ್ಲಿ ಪೆಟ್ಟಿಗೆ ಸಿಕ್ಕಿತು. ನೀರು ನುಗ್ಗಿ ಕಾಗದ ಒದ್ದೆಯಾಗಿತ್ತು. 1950ರಲ್ಲಿ ಹಾಲಿನ ಕ್ಯಾನ್ ಸಿಕ್ಕಿದವು, ಅದರಲ್ಲಿದ್ದದ್ದು ಎಷ್ಟೋ ಚೆನ್ನಾಗಿತ್ತು.

ಅವತ್ತು ರಾತ್ರಿ ವರ್ಕ್‌ಶಾಪ್. ಇಲ್ಲಿ ನೋಡಿದ್ದರಲ್ಲಿ ನಿಮಗೆ ಲೀಡರ್ ಅನಿಸಿದವರು ಯಾರು ಅಂತ ಚೀಟಿಯಲ್ಲಿ ಬರೆಯಿರಿ ಅಂದರು. ಮುಕ್ಕಾಲು ಜನ ಮೊರ್ದೆಖಾಯ್ ಅನಿಯೆಲೆವಿಚ್ ಅಂತ ಬರೆದರು, 1943ರ ಏಪ್ರಿಲ್‌ನಲ್ಲಿ ಘೆಟ್ಟೋದಲ್ಲಿ ಬಂದೂಕು ಹಿಡಿದು ತಿರುಗಿ ಬಿದ್ದವರ ಮುಂದಾಳು, 24 ವರ್ಷ ಆಗಿರಬೇಕು. ಕೆಲವರು ಯಾನುಷ್ ಕೊರ್ಚಾಕ್, ಅನಾಥಾಲಯದ ಡಾಕ್ಟರು, ತಪ್ಪಿಸಿಕೊಳ್ಳಿ ಅಂದರೂ ಬಿಟ್ಟು ಹೋಗದೆ ಸುಮಾರು 200 ಮಕ್ಕಳ ಜೊತೆ ತಾನೂ ಟ್ರೆಬ್ಲಿಂಕಾ ಅನ್ನುವ ಕೊಲ್ಲುವ ಶಿಬಿರದ ರೈಲು ಹತ್ತಿದವರು. ನಾನು "ಕ್ಯಾನ್ ಹೂತ ಹುಡುಗ" ಅಂತ ಬರೆದೆ. ಆಮೇಲೆ ಗೊತ್ತಾಯಿತು ಅವನು ಹೂತಿದ್ದು ಪೆಟ್ಟಿಗೆ, ಕ್ಯಾನ್ ಅಲ್ಲ. ಯಾರನ್ನು ಮುನ್ನಡೆಸಿದ ಅವನು ಅಂತ ಕೇಳಿದರು. ಉತ್ತರ ಬರಲಿಲ್ಲ. ಈಗಲೂ ಬಂದಿಲ್ಲ. ಇದನ್ನೆಲ್ಲ ಇಟ್ಟುಕೊಂಡು "ನಾಯಕತ್ವ ಗುಣಗಳು" ಅಂತ ಹತ್ತು ನಿಮಿಷ ಹೇಗೆ ಮಾತಾಡಲಿ?

---

ಮಾಲೂರು ಮೇಷ್ಟ್ರು:

ಮಗಾ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದ್ದೇನೆ, ಅದರಲ್ಲಿ ಈ ವಿಷಯಕ್ಕೆ ನಮ್ಮ ಪುಸ್ತಕದಲ್ಲಿ ಇದ್ದದ್ದು ಒಂದು ಪ್ಯಾರ. ನಾನೂ ಅದನ್ನು ಅರ್ಧ ಪೀರಿಯಡ್‌ನಲ್ಲಿ ಮುಗಿಸಿದವನೇ. ಆದ್ದರಿಂದ ನನ್ನ ಸಲಹೆಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡು.

ನಾಜಿಗಳು ಕೊಂದ ಯಹೂದಿಗಳು ಅರವತ್ತು ಲಕ್ಷ ಅನ್ನುವುದರಿಂದ ಶುರು ಮಾಡಬೇಡ. ನಿನ್ನೆದುರು ಕೂತಿರುವುದು ಹದಿನಾರರ ಮಕ್ಕಳು, ಸೊನ್ನೆ ಎಣಿಸುವುದರಲ್ಲೇ ಕಳೆದುಹೋಗುತ್ತಾರೆ. ಅರ್ಧ ಟಿಕೆಟ್‌ನಿಂದ ಶುರು ಮಾಡು. ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಇನ್ನೊಂದು. ನಿಮ್ಮ ಕಾಲೇಜಿನಲ್ಲಿ ಒಬ್ಬ ಕಟ್ಟುನಿಟ್ಟಿನ ಲೆಕ್ಚರರ್ ಇದ್ದೇ ಇರುತ್ತಾರೆ, ಅವರಿಗೆ ಹುಡುಗರು ಇಟ್ಟ ಅಡ್ಡಹೆಸರು ಹಿಟ್ಲರ್ ಅಂತಲೇ ಇರುತ್ತೆ. ನನಗೂ ಇತ್ತು. ನನಗೆ ಅದು ಒಂಥರಾ ಹೆಮ್ಮೆಯಾಗಿತ್ತು ಅಂದ್ರೆ ನಂಬ್ತೀಯಾ? ಶಿಸ್ತಿನ ಮನುಷ್ಯ ಅಂತ ಅರ್ಥ ಮಾಡಿಕೊಂಡಿದ್ದೆ. ನಮ್ಮ ಕಡೆ ಆ ಹೆಸರು ಬೈಗುಳವೂ ಅಲ್ಲ ಹೊಗಳಿಕೆಯೂ ಅಲ್ಲ, ಒಂದು ತಮಾಷೆ. ಅದರ ಬಗ್ಗೆ ಒಂದು ಮಾತು ಹೇಳಬೇಕಾದವನು ನೀನೇ. ಉಪದೇಶ ಬೇಡ, ಸುಮ್ನೆ ಹೇಳು.

ಹಾಗೇ ನೀನು ವಾರ್ಸಾದಲ್ಲಿ "ಒಳ್ಳೆಯ ಮಹಾರಾಜ"ರ ಹೆಸರಿನ ಚೌಕ ನೋಡಿದೆಯಾ? ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರು. ಯುದ್ಧದ ಕಾಲದಲ್ಲಿ ಸೋವಿಯತ್ ನಾಡಿನಿಂದ ಹೊರಬಂದ ನೂರಾರು ಪೋಲಿಷ್ ಮಕ್ಕಳಿಗೆ 1942ರಲ್ಲಿ ಗುಜರಾತಿನ ಬಾಲಾಚಡಿಯಲ್ಲಿ ಜಾಗ ಕೊಟ್ಟವರು. ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲೂ ಪೋಲಿಷ್ ಜನರ ದೊಡ್ಡ ಶಿಬಿರ ಇತ್ತು. ಆ ಮಕ್ಕಳಲ್ಲಿ ಹೆಚ್ಚಿನವರು ಕ್ಯಾಥೊಲಿಕ್ಕರು, ಯಹೂದಿ ಮಕ್ಕಳು ಕೆಲವರೇ. ಆದರೂ ಪೋಲೆಂಡಿಗೂ ನಮಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ಕೈಯಲ್ಲಿರಲಿ.

ನಿಮ್ಮ ಮೈಸೂರು ರಸ್ತೆಯ ಸ್ಮಶಾನದ ಕಥೆಯೂ ಸಣ್ಣದಲ್ಲ. ಆ ಜಾಗ ಕೊಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು, 1904ರಲ್ಲಿ. ನಿಮ್ಮ ಬೆನೆ ಇಸ್ರೇಲ್‌ನವರೇ ಆದ ಒಬ್ಬ ಸುಬೇದಾರರಿಗೆ ಕೊಟ್ಟರು ಅಂತ ಓದಿದ ನೆನಪು. ಬೆಂಗಳೂರಿನಲ್ಲಿ ದೊಡ್ಡವರಾದ ನನ್ನ ಮಕ್ಕಳಿಗೇ ಗೊತ್ತಿಲ್ಲ ಅಲ್ಲೊಂದು ಯಹೂದಿ ಸ್ಮಶಾನ ಇದೆ ಅಂತ.

---

ಕಡ್ಲೆಕಾಯಿ ಪರಿಷೆ:

ಮೇಷ್ಟ್ರು ಸುಲಭ ಮಾಡಿ ಹೇಳಿದರು, ನಾನು ಕಷ್ಟದ್ದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ ಗುರು. ಒಂದು, ಈ ಲೀಡರ್‌ಶಿಪ್ ಟ್ರಿಪ್ ಅನ್ನೋದೆಲ್ಲ ಕೊನೆಗೆ ಟೂರೇ ತಾನೆ, ಖರ್ಚು ಯಾರದು? ಎರಡು, ನೀನು ವೇದಿಕೆ ಮೇಲೆ ಆಶ್ವಿಟ್ಸ್ ಅಂದ ತಕ್ಷಣ ಹಿಂದಿನ ಬೆಂಚಿನಿಂದ ಒಬ್ಬ ಗಾಜಾ ಅಂತಾನೆ. ಅನ್ನದೇ ಇದ್ದರೆ ನಾನೇ ಬಂದು ಅಂತೀನಿ. ಆಗ ಏನು ಹೇಳ್ತೀಯಾ?

---

ಬಂಗಾರಪೇಟೆ ಹುಡುಗ:

@ಕಡ್ಲೆಕಾಯಿ ಪರಿಷೆ, ಬೇಜಾರಿಲ್ಲ ಅಣ್ಣಾ, ಇದನ್ನೇ ಅಪ್ಪನೂ ಕೇಳಿದರು. ಖರ್ಚಿನಲ್ಲಿ ಮುಕ್ಕಾಲು ನಡೆಸಿದವರದು, ಉಳಿದದ್ದು ಮನೆಯದು, ಅದಕ್ಕೆ ಅಮ್ಮನ ಚೀಟಿ ದುಡ್ಡು ಹೋಯಿತು. ಟೂರ್ ಅಂದರೆ ಹೌದು, ಟೂರೂ ಇತ್ತು. ಎರಡು ದಿನ ಹಗ್ಗ ಹಿಡಿದು ಟೀಮ್ ಬಿಲ್ಡಿಂಗ್ ಆಟ ಆಡಿಸಿದರು, ಅದು ಪೂರ್ತಿ ಟೈಂ ವೇಸ್ಟ್, ನಮ್ಮ ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಚರಂಡಿ ತೆಗೆದದ್ದೇ ಅದಕ್ಕಿಂತ ಒಳ್ಳೇ ಟೀಮ್ ಬಿಲ್ಡಿಂಗ್.

ಗಾಜಾ ವಿಷಯ. ನಮ್ಮ ಬಸ್ಸಿನಲ್ಲೇ ಅದಕ್ಕೆ ಜಗಳ ಆಗಿದೆ, ಇಬ್ಬರು ಎರಡು ದಿನ ಮಾತು ಬಿಟ್ಟಿದ್ದರು. ಯಹೂದಿಗಳೆಲ್ಲ ಒಂದೇ ಮಾತಾಡ್ತಾರೆ ಅಂತ ಹೊರಗಿನಿಂದ ಅನಿಸುತ್ತೆ, ಒಳಗೆ ಹಾಗಿಲ್ಲ. ಬಿರ್ಕೆನಾವ್‌ನಲ್ಲಿ ಕೆಲವರು ಇಸ್ರೇಲ್ ಬಾವುಟ ಹೊದ್ದುಕೊಂಡು ನಡೆದರು. ಅವರಿಗೆ ಅದು ಬೇಕಿತ್ತು, ನನಗೆ ಅರ್ಥ ಆಯಿತು. ಅಮ್ಮ ನನ್ನ ಬ್ಯಾಗಿಗೆ ಒಂದು ಸಣ್ಣ ತ್ರಿವರ್ಣ ಧ್ವಜ ಹಾಕಿ ಕಳಿಸಿದ್ದರು. ಬಸ್ಸಿನಲ್ಲೇ ಬಿಟ್ಟು ಇಳಿದೆ. ನನಗೆ ಅಲ್ಲಿ ಯಾವ ಬಾವುಟವೂ ಹಿಡಿಯಬೇಕು ಅನಿಸಲಿಲ್ಲ. ನೀವು ಕೇಳಿದರೆ ನಾನು ಹೇಳುವುದು ಇಷ್ಟೇ, ನಾನು ಯಾವ ಸರ್ಕಾರದ ವಕೀಲನೂ ಅಲ್ಲ, ನಾನು ಬಂಗಾರಪೇಟೆಯವನು. ಟಿವಿಯಲ್ಲಿ ಅಲ್ಲಿನ ಮಕ್ಕಳನ್ನು ತೋರಿಸಿದಾಗ ಅಮ್ಮ ಅಳುತ್ತಾರೆ, ಆ ಕಡೆಯ ಮಕ್ಕಳಿಗೂ ಈ ಕಡೆಯ ಮಕ್ಕಳಿಗೂ. ಅದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇದ್ದಿದ್ದರೆ ಪಿಯುಸಿಯಲ್ಲಿ ಕೆಮಿಸ್ಟ್ರಿ ಓದ್ತಾ ಕೂತಿರ್ತಿರಲಿಲ್ಲ.

@ಮಾಲೂರು ಮೇಷ್ಟ್ರು, ಸರ್, ಆ ಚೌಕದ ವಿಷಯ ಯಾರೂ ಹೇಳಲೇ ಇಲ್ಲ! ಗೊತ್ತಿದ್ದರೆ ಬಸ್ ನಿಲ್ಲಿಸಿ ನಲವತ್ತು ಜನರಿಗೂ ತೋರಿಸುತ್ತಿದ್ದೆ. ಹಿಟ್ಲರ್ ಅಡ್ಡಹೆಸರು ನಮ್ಮ ಫಿಸಿಕ್ಸ್ ಸರ್‌ಗೆ ಇದೆ. ನಾನೂ ಒಂದು ವರ್ಷ ಹಾಗೇ ಕರೆದಿದ್ದೇನೆ, ಮನೆಯಲ್ಲಿ ಎಲ್ಲ ಗೊತ್ತಿದ್ದೂ. ನಾನು ಬೇರೆ ಹೆಸರು ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ ಅಂತ.

ಸ್ವಸ್ತಿಕದ್ದೂ ಒಂದು ಆಯಿತು ಸರ್. ಹಂಗೇರಿಯ ಹುಡುಗಿಗೆ ನಮ್ಮ ಬೀದಿಯ ಹಬ್ಬದ ಫೋಟೋ ತೋರಿಸುತ್ತಿದ್ದೆ, ಪಕ್ಕದ ಮನೆ ಆಂಟಿಯ ಹೊಸಿಲ ಮೇಲೆ ಸ್ವಸ್ತಿಕ. ಅವಳು ಫೋನ್ ವಾಪಸ್ ಕೊಟ್ಟು ಎದ್ದು ಹೋದಳು. ಅವಳ ಮುತ್ತಜ್ಜಿಯ ಮನೆಯವರೆಲ್ಲ 1944ರಲ್ಲಿ ಹಂಗೇರಿಯಿಂದ ತುಂಬಿ ಕಳಿಸಿದ ರೈಲುಗಳಲ್ಲಿ ಹೋದವರು. ನಾನು ಹಿಂದೆ ಹೋಗಿ ಇದು ಸಾವಿರಾರು ವರ್ಷದ್ದು, ಒಳ್ಳೇದಾಗಲಿ ಅಂತ ಬರೆಯುವುದು, ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟ ಆಂಟಿಯ ಮನೆ ಇದು ಅಂತ ಹೇಳಿದೆ. ಅರ್ಥ ಆಯಿತು ಅಂದಳು. ಆದರೆ ಮತ್ತೆ ಫೋಟೋ ನೋಡಲಿಲ್ಲ. ಎರಡೂ ಸರಿ ಅನಿಸಿತು ನನಗೆ.

---

ಶಿಡ್ಲಘಟ್ಟದ ಅಕ್ಕ:

ತಮ್ಮಾ, ನಾನು ಡಿಗ್ರಿಯಲ್ಲಿದ್ದಾಗ ಹೀಗೇ ಒಂದು ಯುವಜನರ ವಿನಿಮಯ ಕಾರ್ಯಕ್ರಮಕ್ಕೆ ಹೊರದೇಶಕ್ಕೆ ಹೋಗಿದ್ದೆ. ವಾಪಸ್ ಬಂದ ಮೇಲೆ ಜನ ಕೇಳುವುದು ಮೂರೇ ಪ್ರಶ್ನೆ. ಊಟ ಏನು, ಚಳಿ ಎಷ್ಟು, ಏನು ತಂದೆ. ನಾಲ್ಕನೇ ಪ್ರಶ್ನೆ ಯಾರೂ ಕೇಳಲ್ಲ. ಮೊದಮೊದಲು ನನಗೆ ಕೋಪ ಬರ್ತಿತ್ತು. ನಮ್ಮಮ್ಮ ರೇಷ್ಮೆ ನೂಲು ಬಿಚ್ಚುವವರು, ಬಿಸಿ ನೀರಿನಲ್ಲಿ ಕೈ ಇಟ್ಟುಕೊಂಡೇ "ಅಲ್ಲಿ ಅನ್ನ ಸಿಗ್ತಾ?" ಅಂದರು, ಸಿಕ್ತು ಅಂದೆ, ಸರಿ ಅಂತ ಕೆಲಸಕ್ಕೆ ತಿರುಗಿದರು. ಆರು ತಿಂಗಳಾದ ಮೇಲೆ ಒಂದು ರಾತ್ರಿ ಕರೆಂಟ್ ಹೋದಾಗ ತಾವಾಗೇ "ಅಲ್ಲಿ ನಿಂಗೆ ಯಾರಾದ್ರೂ ಬೇಜಾರು ಮಾಡಿದ್ರಾ?" ಅಂತ ಕೇಳಿದರು. ಅವತ್ತು ಎಲ್ಲ ಹೇಳಿದೆ.

ಹಂಗಾಗಿ ಹತ್ತು ನಿಮಿಷದಲ್ಲಿ ಎಲ್ಲ ಹೇಳಕ್ಕೆ ಹೋಗಬೇಡ. ಒಂದು ಸಾಕು. ಟಿಕೆಟ್ ಅಥವಾ ಕ್ಯಾನ್. ಎರಡೂ ಬೇಡ. ಮತ್ತೆ ನಿನ್ನ ಠಾಣೆಯ ಗೆಳತಿಯ ಮಾತು ಬಿಡಬೇಡ. ಎಲ್ಲರನ್ನೂ ಎಣಿಸುವ ಜಾಗದಲ್ಲಿ ಒಬ್ಬಳನ್ನು ಎಣಿಸಲಿಲ್ಲ ಅನ್ನುವುದು ನಿಮ್ಮ ಕಾಲೇಜಿನ ಅರ್ಧ ಜನಕ್ಕೆ ತಟ್ಟನೆ ಅರ್ಥ ಆಗುತ್ತೆ. ಆ ಅರ್ಧ ಜನ ಯಾರು ಅಂತ ನಿನಗೆ ಗೊತ್ತು.

---

ಚಾಂಪಿಯನ್ ರೀಫ್ಸ್ ಮಣಿ:

ಎಲ್ಲ ಓದಿದೆ ತಮ್ಮಾ. ನನ್ನ ಕನ್ನಡ ಸ್ವಲ್ಪ ತಮಿಳು ತಮಿಳಾಗಿರುತ್ತೆ, ಅಡ್ಜಸ್ಟ್ ಮಾಡ್ಕೋ.

ನಮ್ಮಪ್ಪ ಕೆಜಿಎಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸದಲ್ಲಿದ್ದವರು. ಅವರ ಅಪ್ಪನೂ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಗಣಿ ದೊಡ್ಡದಾಯಿತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು, ಮೂರು ಕಿಲೋಮೀಟರಿಗಿಂತ ಆಳ ಇಳಿದರು, 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಇದನ್ನೆಲ್ಲ ಯಾರು ಬೇಕಾದರೂ ಹೇಳ್ತಾರೆ. ಆದರೆ ನಮ್ಮ ಲೈನ್‌ಮನೆಗಳಲ್ಲಿ ಯಾರಿದ್ದರು, ರಾಕ್‌ಬರ್ಸ್ಟ್, ಅಂದ್ರೆ ಗಣಿಯೊಳಗೆ ಬಂಡೆ ಸಿಡಿಯೋದು, ಆದ ರಾತ್ರಿ ಸೈರನ್ ಕೂಗಿದಾಗ ಯಾವ ಮನೆ ಬಾಗಿಲು ಮೊದಲು ತೆಗೆಯುತ್ತಿತ್ತು, ಅದು ಎಲ್ಲೂ ಇಲ್ಲ. ನಿಮ್ಮವರಿಗೆ ಆದದ್ದಕ್ಕೂ ನಮ್ಮದಕ್ಕೂ ಹೋಲಿಕೆ ಇಲ್ಲ, ಗೊತ್ತು, ಹಾಗೆ ಹೇಳ್ತಿಲ್ಲ. ನಮ್ಮನ್ನ ಯಾರೂ ಕೊಲ್ಲಲು ಕೂಡಿಹಾಕಿರಲಿಲ್ಲ. ಆದರೆ ಕ್ಯಾನ್ ಅಂದಾಗ ಒಂದು ಹೊಳೆಯಿತು.

ಅಪ್ಪ ಹೋದ ಮೇಲೆ ಮನೆ ಕ್ಲೀನ್ ಮಾಡುವಾಗ ಒಂದು ಬಿಸ್ಕೆಟ್ ಡಬ್ಬ ಸಿಕ್ಕಿತು. ಸಂಬಳದ ಚೀಟಿ, ಆಸ್ಪತ್ರೆ ಚೀಟಿ, ನಂಬರ್ ಇರುವ ಹಿತ್ತಾಳೆ ಬಿಲ್ಲೆ, ಫುಟ್‌ಬಾಲ್ ಟೀಮಿನ ಒಂದು ಫೋಟೋ. ಅಮ್ಮ ಎಸೆ ಅಂದರು. ಎಸೆಯಲಿಲ್ಲ, ಅಷ್ಟೇ. ಏನು ಮಾಡಬೇಕೋ ಗೊತ್ತಿಲ್ಲದೆ ಬೀರು ಮೇಲೆ ಇಟ್ಟಿದ್ದೇನೆ, ಎಂಟು ವರ್ಷ ಆಯಿತು. ಪಕ್ಕದ ಲೈನಿನಲ್ಲಿ ಇನ್ನೂ ನಾಲ್ಕೈದು ಮನೆಯಲ್ಲಿ ಇಂಥದ್ದೇ ಡಬ್ಬ ಇದೆ, ನನಗೆ ಗೊತ್ತು. ಆ 19ರ ಹುಡುಗ ಯಾರನ್ನ ಮುನ್ನಡೆಸಿದ ಅಂತ ನಿಮ್ಮ ವರ್ಕ್‌ಶಾಪಿನವರು ಕೇಳಿದರಲ್ಲ, ಅವರನ್ನ ಒಂದು ಸಲ ಇಲ್ಲಿಗೆ ಕಳಿಸು.

ನಿಮ್ಮ ತಾತ ಬಂಗಾರಪೇಟೆಯಲ್ಲಿ ಯಾವ ಇಲಾಖೆ? ನಮ್ಮ ಮಾವ ಒಬ್ಬರು ಕೋಲಾರದ ಕಡೆಯ ಸಣ್ಣ ಗೇಜಿನ ಗಾಡಿಯಲ್ಲಿ ಗಾರ್ಡ್ ಆಗಿದ್ದರು. ಒಬ್ಬರು "ಶನಿವಾರ ರಜೆ ಹಾಕುವ ಬಾಬು" ಇದ್ದರು, ಭಾನುವಾರ ಎಲ್ಲರ ಡ್ಯೂಟಿಯನ್ನೂ ತಾವೇ ಮಾಡ್ತಿದ್ದರು ಅಂತ ಹೇಳ್ತಿದ್ದರು. ಅವರೇನಾ?

---

ಬಂಗಾರಪೇಟೆ ಹುಡುಗ:

ಅಣ್ಣಾ ಅವರೇ!! ಪಾರ್ಸೆಲ್ ಆಫೀಸು. ಅಪ್ಪನಿಗೆ ಓದಿ ಹೇಳಿದೆ, ಅವರು ಎದ್ದು ಹೊರಗೆ ಹೋಗಿಬಿಟ್ಟರು, ಅರ್ಧ ಗಂಟೆ ಬರಲಿಲ್ಲ. ಆಮೇಲೆ ಬಂದು ನಿಮ್ಮ ಮಾವನ ಹೆಸರೇನು ಕೇಳು ಅಂದರು. 'ಶನಿವಾರ ರಜೆ ಬಾಬು' ಅನ್ನುವ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಕೊಂಕಣದಲ್ಲಿ ಶನಿವಾರ ತೇಲಿ, ಇಲ್ಲಿ ಶನಿವಾರ ಬಾಬು. ತಾತ ಅದನ್ನು ಯಾಕೆ ನಮಗೆ ಹೇಳಲಿಲ್ಲವೋ.

---

ಬಂಗಾರಪೇಟೆ ಹುಡುಗ:

ಅಪ್‌ಡೇಟ್. ಇವತ್ತು ಮಾತಾಡಿದೆ. ಹತ್ತು ನಿಮಿಷ ಅಂದಿದ್ದು ಹದಿನಾಲ್ಕು ಆಯಿತು, ಕೊನೆಗೆ ಮೈಕ್ ಬೇರೆ ಕೊರ್ ಅಂತಿತ್ತು.

ಅಕ್ಕ ಹೇಳಿದಂತೆ ಒಂದೇ ಹೇಳಬೇಕು ಅಂತ ಹೋದೆ, ಟಿಕೆಟ್ ಹೇಳಿದೆ. ಅರ್ಧ ಟಿಕೆಟ್, ಫ್ರೀ ಟಿಕೆಟ್ ಅಂದಾಗ ಯಾರೋ ನಕ್ಕರು, ಬಸ್ ಟಿಕೆಟ್ ಜೋಕ್ ಅಂದ್ಕೊಂಡರು. ಆ ರೈಲು ಎಲ್ಲಿಗೆ ಅಂತ ಹೇಳಿದ ಮೇಲೆ ನಗು ನಿಂತಿತು. ಆಮೇಲೆ ಹತ್ತು ಜನರ ಲೆಕ್ಕ, ಠಾಣೆಯ ಹುಡುಗಿಯ ಮಾತು. ಕ್ಯಾನ್ ವಿಷಯ ಬಿಡಬೇಕು ಅಂದ್ಕೊಂಡಿದ್ದೆ, ಬಾಯಿಗೆ ಬಂದೇಬಿಟ್ಟಿತು, ಸಾರಿ ಅಕ್ಕ. ನಾಯಕತ್ವ ಗುಣ ಒಂದೂ ಹೇಳಲಿಲ್ಲ. ಪ್ರಿನ್ಸಿಪಾಲ್ ಸರ್ ವಂದನಾರ್ಪಣೆಯಲ್ಲಿ "ನಾಯಕತ್ವದ ಬಗ್ಗೆ ಸುಂದರವಾಗಿ ಮಾತನಾಡಿದ" ಅಂದರು. ಗಾಜಾ ಯಾರೂ ಕೇಳಲಿಲ್ಲ. ಒಬ್ಬ ಕೇಳಿದ ಪ್ರಶ್ನೆ, ಪೋಲೆಂಡ್ ವೀಸಾ ಸುಲಭಾನಾ.

ಹಿಟ್ಲರ್ ಹೆಸರಿನ ಮಾತು ಹೇಳುವಾಗ ಫಿಸಿಕ್ಸ್ ಸರ್ ಮುಂದಿನ ಸಾಲಿನಲ್ಲೇ ಕೂತಿದ್ದರು. ನನ್ನ ಕಾಲು ನಡುಗ್ತಿತ್ತು. ಯಾರ ಹೆಸರೂ ಹೇಳಲಿಲ್ಲ, ನಾನೂ ಒಬ್ಬರನ್ನು ಹಾಗೆ ಕರೆದಿದ್ದೇನೆ, ಇನ್ನು ಕರೆಯಲ್ಲ ಅಂದೆ. ಹಾಲ್ ಪೂರ್ತಿ ಅವರ ಕಡೆ ತಿರುಗಿತು. ಮುಗಿದ ಮೇಲೆ ಹತ್ತಿರ ಬಂದು "ನಂಗೆ ಗೊತ್ತು ಕಣೋ, ಒಂಬತ್ತು ವರ್ಷದಿಂದ ಗೊತ್ತು" ಅಂದರು. ಮತ್ತೆ "ಬೇರೆ ಹೆಸರು ಇಡಿ, ಸ್ವಲ್ಪ ಚೆನ್ನಾಗಿರೋದು" ಅಂದರು.

@ಚಾಂಪಿಯನ್ ರೀಫ್ಸ್ ಮಣಿ, ಅಣ್ಣಾ, ಅಪ್ಪ ತಾತನ ಟ್ರಂಕ್ ತೆಗೆದಿದ್ದಾರೆ. ಮರಾಠಿಯಲ್ಲಿ ಬರೆದ ಎರಡು ನೋಟ್‌ಬುಕ್ ಇದೆ, ಅರ್ಧ ಅಂಗಡಿ ಲೆಕ್ಕ, ಉಳಿದದ್ದು ಏನೋ ಇನ್ನೂ ಓದಿಲ್ಲ. ನಿಮ್ಮ ಡಬ್ಬ ನೋಡಬಹುದಾ?

---

ಚಾಂಪಿಯನ್ ರೀಫ್ಸ್ ಮಣಿ:

ಬಾರಪ್ಪ, ಅದಕ್ಕೇನು ಕೇಳ್ತೀಯಾ. ಮಾವನೂ ಇರ್ತಾರೆ, 82 ವರ್ಷ, ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಅಪ್ಪನನ್ನೂ ಕರ್ಕೊಂಡು ಬಾ. ಈ ಶನಿವಾರ ಮಧ್ಯಾಹ್ನ ಊಟಕ್ಕೇ ಬಂದುಬಿಡಿ, ನಂಗೆ ರಜೆ.

---

ಬಂಗಾರಪೇಟೆ ಹುಡುಗ:

ಶನಿವಾರ ಆಗಲ್ಲ ಅಣ್ಣಾ. ಭಾನುವಾರ ಬೆಳಗ್ಗೆ ಮೊದಲ ಗಾಡಿಗೆ ಬರ್ತೀವಿ.